ಲೇಬಲ್ ಪ್ರಿಂಟರ್‌ನ ಬಿಳಿ ಗೆರೆ ಹೋದ ಬಗೆ

ನಮ್ಮ ಔಷಧಿ ಅಂಗಡಿಯ ಥರ್ಮಲ್ ಲೇಬಲ್ ಪ್ರಿಂಟರ್‌ನಲ್ಲಿ ಬಾರ್‌ಕೋಡಿನ ಉದ್ದಕ್ಕೂ ಕೂದಲೆಳೆಯಷ್ಟು ತೆಳ್ಳನೆಯ ಬಿಳಿ ಗೆರೆಯೊಂದು ಬೀಳತೊಡಗಿತು. ಸೆಟ್ಟಿಂಗ್‌ನಲ್ಲಿ ಅಚ್ಚಿನ ಕಪ್ಪನ್ನು ಹೆಚ್ಚಿಸಿದರೂ ಅದು ಹೋಗಲಿಲ್ಲ; ಹಾಗೆ ಹೆಚ್ಚಿಸುವುದರಿಂದ ಹೆಡ್ (ಬಿಸಿಯಾಗಿ ಲೇಬಲ್ಲಿನ ಮೇಲೆ ಅಚ್ಚು ಮೂಡಿಸುವ ಭಾಗ) ಬೇಗ ಸವೆಯುತ್ತದೆಯಾದ್ದರಿಂದ ಅದು ಸರಿಯಾದ ಪರಿಹಾರವೂ ಅಲ್ಲ. ಕೊನೆಗೆ ಪ್ಲಗ್ ತೆಗೆದು, ಹೆಡ್ ತಣ್ಣಗಾಗುವವರೆಗೆ ಕಾದು, ಮುಚ್ಚಳ ತೆರೆದು ನೋಡಿದಾಗ, ಲೇಬಲ್ಲಿನ ಅಂಟು ಧೂಳಿನೊಂದಿಗೆ ಬೆರೆತು, ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಕಲೆಯಾಗಿ ಹೆಡ್ ಮೇಲೆ ಕುಳಿತಿತ್ತು. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸಿದೆ. ಅಲ್ಲಿ ಉಗುರನ್ನಾಗಲಿ ಬ್ಲೇಡನ್ನಾಗಲಿ ತಾಗಿಸಲೇಬಾರದು: 203 ಡಿಪಿಐ (ಇಂಚಿಗೆ 203 ಬಿಂದು) ಹೆಡ್‌ನಲ್ಲಿ ಮಿಲಿಮೀಟರಿಗೆ 8 ಬಿಸಿಬಿಂದುಗಳಿದ್ದು, ಒಂದು ಹಾಳಾದರೂ ಗೆರೆ ಶಾಶ್ವತವಾಗುತ್ತದೆ. ರಬ್ಬರ್ ರೋಲರನ್ನೂ ಒರೆಸಿ, ಎಲ್ಲವೂ ಪೂರ್ತಿ ಒಣಗಿದ ಮೇಲೆ ಪ್ರಿಂಟ್ ತೆಗೆದೆ. ಬಾರ್‌ಕೋಡ್ ಅಚ್ಚುಕಟ್ಟಾಗಿ ಬಂದಿತು. ಈಗ ಪ್ರತಿ ರೋಲ್ ಬದಲಿಸುವಾಗಲೂ ಹೆಡ್ ಒರೆಸುತ್ತೇನೆ.