ಮುಂಬಯಿ ಗ್ಯಾಲರಿಯಲ್ಲಿ ಕ್ಯಾಟ್‌ನಿಪ್

ಬೆಕ್ಕುಗಳಿಗೆ ಮೋಹ ಹಿಡಿಸುವ ಕ್ಯಾಟ್‌ನಿಪ್ ಗಿಡವನ್ನು ಮುಂಬಯಿಯ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಬೆಳೆಸುವ ಆಸೆ ಇದ್ದರೆ ಮೊದಲು ಮಳೆ ಮುಗಿಯಲಿ. ಜೂನ್, ಜುಲೈನಲ್ಲಿ ಬೀಜ ಹಾಕಬೇಡಿ. ನಮ್ಮ ಡೊಂಬಿವಿಲಿ, ಮುಲುಂಡ ಕಡೆಯ ಮಳೆಗೆ ಎಳೆ ಸಸಿ ಬುಡದಲ್ಲೇ ಕೊಳೆಯುತ್ತದೆ. ದಸರೆ ಕಳೆದು ಹವೆ ಒಣಗಲು ಶುರುವಾದಾಗ ಹಾಕಿ, ಚಳಿಗಾಲದಲ್ಲಿ ಚೆನ್ನಾಗಿ ಬರುತ್ತದೆ.

ಇದು ತುಳಸಿ, ಪುದೀನದ ಕುಟುಂಬದ್ದೇ ಗಿಡ. ಕಾಂಡ ಮುಟ್ಟಿ ನೋಡಿ, ನಾಲ್ಕು ಮೂಲೆ ಇರುತ್ತದೆ. ಎಲೆ ಹೃದಯದಾಕಾರ, ಅಂಚು ಗರಗಸದ ಹಾಗೆ, ಮೇಲೆ ಬೂದು ಬಣ್ಣದ ನವಿರು. ಹೂವು ಬಿಳಿ, ಒಳಗೆ ನೇರಳೆ ಚುಕ್ಕೆ. ಯುರೋಪು, ಮಧ್ಯ ಏಷ್ಯಾದ ಕಡೆಯ ಗಿಡವಾದ್ದರಿಂದ ತಂಪು ಬೇಕು, ಒಣ ಮಣ್ಣು ಬೇಕು. ಮಣ್ಣಿಗೆ ಮೂರರಲ್ಲಿ ಒಂದು ಪಾಲು ಮರಳು ಸೇರಿಸಿ. ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. ಬೆಳಗಿನ ಬಿಸಿಲು ಸಿಗುವ ಗ್ರಿಲ್ಲೇ ಒಳ್ಳೆಯದು. ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಬಿಸಿಲಿನಿಂದ ಈಚೆ ಎಳೆದಿಡಿ. ಪುಣೆಯವರಿಗೆ ಇಷ್ಟು ಕಷ್ಟವಿಲ್ಲ, ಅಲ್ಲಿ ಹವೆ ಇಷ್ಟು ತೇವವಲ್ಲ. ನಮಗೆ ಮಾತ್ರ ಪ್ರತಿ ವರ್ಷ ಹೊಸದಾಗಿ ಹಚ್ಚಿಕೊಳ್ಳುವುದೇ ಸರಿ. ತುದಿ ಚಿವುಟುತ್ತಾ ಇದ್ದರೆ ಪೊದೆಯಾಗುತ್ತದೆ. ಚಿವುಟಿದ ಕಡ್ಡಿಯನ್ನು ನೀರಲ್ಲಿಟ್ಟರೆ ಬೇರು ಬಿಡುತ್ತದೆ.

ಕ್ಯಾಟ್‌ಮಿಂಟ್ ಎಂದು ನೀಲಿ ಹೂವಿನ ಇನ್ನೊಂದು ಗಿಡ ಮಾರುತ್ತಾರಲ್ಲ, ಅದು ಹತ್ತಿರದ ಸಂಬಂಧಿ, ಆದರೆ ಅಂದಕ್ಕೆ ಬೆಳೆಸುವುದು. ಬೆಕ್ಕಿಗೆ ಅದರ ಮೇಲೆ ಅಷ್ಟು ಮೋಹವಿಲ್ಲ.

ಇನ್ನು ಬೆಕ್ಕಿನ ವಿಷಯ. ಎಲೆಯಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ಎಣ್ಣೆಯ ವಾಸನೆಗೆ ಬೆಕ್ಕು ಹೊರಳಾಡುತ್ತದೆ, ಕೆನ್ನೆ ಉಜ್ಜುತ್ತದೆ, ಜೊಲ್ಲು ಸುರಿಸುತ್ತದೆ. ಹತ್ತು ನಿಮಿಷದ ಆಟ, ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು ಮೂಗಿನ ಹತ್ತಿರ ಹಿಡಿದರೂ ತಿರುಗಿ ನೋಡುವುದಿಲ್ಲ. ಗಾಬರಿ ಬೇಡ, ಇದು ಚಟವಾಗುವುದಿಲ್ಲ. ಮೂರರಲ್ಲಿ ಒಂದು ಬೆಕ್ಕಿಗೆ ಏನೂ ಆಗುವುದಿಲ್ಲ, ಅದು ಹುಟ್ಟಿನಿಂದ ಬಂದ ಗುಣ. ಮೂರು ತಿಂಗಳೂ ತುಂಬದ ಮರಿಗಂತೂ ಇದು ತಿಳಿಯುವುದೇ ಇಲ್ಲ. ಹಾಗಾಗಿ ನಿಮ್ಮ ಬೆಕ್ಕು ಮೂಸಿ ಸುಮ್ನೆ ಹೋದರೆ ಗಿಡ ಮಾರಿದವರನ್ನು ಬೈಯಬೇಡಿ.

ಹೂ ಬಿಡುವ ಹೊತ್ತಿಗೆ ವಾಸನೆ ಜಾಸ್ತಿ. ಆಗ ಕೊಯ್ದು ನೆರಳಲ್ಲಿ ಒಣಗಿಸಿ, ಮೆಂತ್ಯ ಸೊಪ್ಪು ಒಣಗಿಸಿಡುತ್ತೇವಲ್ಲ, ಹಾಗೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಹಳೆಯ ಹತ್ತಿ ಕಾಲ್ಚೀಲದಲ್ಲಿ ಒಂದು ಚಿಟಿಕೆ ತುಂಬಿ ಹೊಲಿದುಕೊಟ್ಟರೆ ಅದೇ ಆಟಿಕೆ. ದಿನಾ ಕೊಡಬೇಡಿ, ವಾರಕ್ಕೆ ಒಂದೆರಡು ಸಲ ಸಾಕು. ಜಾಸ್ತಿ ತಿಂದರೆ ವಾಂತಿ, ಭೇದಿ ಆಗುತ್ತದೆ. ಸೋಫಾ ಕೆರೆಯುವ ಬೆಕ್ಕಿದ್ದರೆ ತೆಂಗಿನ ಹಗ್ಗ ಸುತ್ತಿದ ಕಂಬಕ್ಕೆ ಈ ಎಲೆ ಉಜ್ಜಿ. ಅದರ ಗಮನ ಅತ್ತ ಹೋಗುತ್ತದೆ, ಸೋಫಾ ಉಳಿಯುತ್ತದೆ. ಗಿಡವನ್ನು ಮಾತ್ರ ಮೇಲೆ ತೂಗುಹಾಕಿ. ಕೆಳಗಿಟ್ಟರೆ ಕಾಂಪೌಂಡಿನ ಬೆಕ್ಕುಗಳೆಲ್ಲ ಬಂದು ಅದರ ಮೇಲೆ ಮಲಗುತ್ತವೆ.

ಬೀಜ ಸಿಗದಿದ್ದರೆ ನಮ್ಮ ಕುಪ್ಪಿಗಿಡ ಇದೆಯಲ್ಲ. ಇಲ್ಲಿಯವರು ಖೋಕಲಿ ಅನ್ನುತ್ತಾರೆ. ಮಳೆಗಾಲದಲ್ಲಿ ಗೋಡೆ ಬುಡದಲ್ಲೇ ಹುಟ್ಟುತ್ತದೆ. ಅದರ ಬೇರು ಕಿತ್ತು ಬೆಕ್ಕಿನ ಮುಂದೆ ಹಾಕಿ ನೋಡಿ, ಬಿಡುವುದಿಲ್ಲ. ಆದರೆ ಮನೆಮದ್ದು ಎಂದು ಅದರ ರಸ ನೀವು ಕುಡಿಯಬೇಡಿ. ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ರಕ್ತಕಣ ಒಡೆದು ಪ್ರಾಣಕ್ಕೇ ಬಂದೀತು. ಕ್ಯಾಟ್‌ನಿಪ್ ಎಲೆಯ ಚಹಾವನ್ನು ಯುರೋಪಿನವರು ನಿದ್ದೆಗೆಂದು ಕುಡಿಯುವ ರೂಢಿ ಹಳೆಯದು. ಬಸುರಿಯರಿಗೆ ಅದು ಬೇಡ.

ಸೊಳ್ಳೆ ಓಡಿಸುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಎಣ್ಣೆ ಓಡಿಸುತ್ತದೆ, ನಿಜ. 2001ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ತೋರಿಸಿದರು. ಬೆಕ್ಕುಗಳು ಇಂಥ ಎಲೆಗೆ ಮೈ ಉಜ್ಜಿಕೊಳ್ಳುವುದರಿಂದ ಅವಕ್ಕೆ ಸೊಳ್ಳೆ ಕಾಟ ಕಡಿಮೆಯಾಗುತ್ತದೆ ಎಂದು 2021ರಲ್ಲಿ ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಸಂಶೋಧಕರೂ ಹೇಳಿದರು. ಆದರೆ ಕುಂಡದಲ್ಲಿ ಸುಮ್ಮನೆ ನಿಂತ ಗಿಡದಿಂದ ಅಷ್ಟು ವಾಸನೆ ಬರುವುದಿಲ್ಲ, ಎಲೆ ಜಜ್ಜಬೇಕು. ಜಜ್ಜಿದ್ದೂ ಬೇಗ ಹಾರಿಹೋಗುತ್ತದೆ. ಡೆಂಗಿ ಕಾಲದಲ್ಲಿ ಇದನ್ನು ನಂಬಿ ಕೂರಬೇಡಿ. ಕುಂಡದ ಕೆಳಗಿನ ತಟ್ಟೆಯ ನೀರು ಚೆಲ್ಲಿ, ಸೊಳ್ಳೆ ಪರದೆ ಕಟ್ಟಿ.

ಬೆಕ್ಕಿರುವ ಮನೆಯಲ್ಲಿ ಉಳಿದ ಕುಂಡಗಳನ್ನೂ ಒಮ್ಮೆ ನೋಡಿ. ದೊಡ್ಡಪತ್ರೆ ನಮ್ಮ ಕೆಮ್ಮಿಗೆ ಒಳ್ಳೆಯದಾದರೂ ಬೆಕ್ಕಿಗೆ ಆಗದು. ಮನಿ ಪ್ಲಾಂಟ್ ಕಚ್ಚಿದರೆ ಬಾಯಿ ಉರಿಯುತ್ತದೆ. ಲಿಲ್ಲಿ ಹೂವಿನ ಗುಚ್ಛವನ್ನಂತೂ ಒಳಗೆ ತರಲೇಬೇಡಿ. ಅದರ ಪರಾಗ ಮೈಗೆ ಅಂಟಿ, ಬೆಕ್ಕು ನೆಕ್ಕಿಕೊಂಡರೂ ಸಾಕು, ಕಿಡ್ನಿ ಹೋಗುತ್ತದೆ. ಅಂಥದ್ದೇನಾದರೂ ಆದರೆ ಮನೆಮದ್ದು ಹುಡುಕುತ್ತಾ ಕೂರದೆ, ತಕ್ಷಣ ಪ್ರಾಣಿವೈದ್ಯರ ಹತ್ತಿರ ಎತ್ತಿಕೊಂಡು ಹೋಗಿ.