ಇಂಗ್ಲೆಂಡ್‌ನಲ್ಲಿ ಮನೆ ಖಾಲಿ ಮಾಡಿ ಅಂದರೆ: ಕೌನ್ಸಿಲ್ ಹತ್ತಿರ ಯಾವಾಗ, ಹೇಗೆ ಹೋಗಬೇಕು

ಹೋಮ್‌ಲೆಸ್ ಅಂದ ತಕ್ಷಣ ನಮ್ಮ ಜನಕ್ಕೆ ಕಣ್ಣ ಮುಂದೆ ಬರುವುದು ಸ್ಟೇಷನ್ ಹೊರಗೆ ಸ್ಲೀಪಿಂಗ್ ಬ್ಯಾಗ್ ಹಾಸಿಕೊಂಡು ಮಲಗಿದವರು. ಇಲ್ಲಿನ ಕಾನೂನು ಹಾಗೆ ನೋಡುವುದಿಲ್ಲ. ಇನ್ನು 56 ದಿನದೊಳಗೆ ಈಗಿರುವ ಮನೆ ಕೈತಪ್ಪುವ ಹಾಗಿದ್ದರೆ ಸಾಕು, ಕೌನ್ಸಿಲ್, ಅಂದರೆ ನಿಮ್ಮ ಊರಿನ ಸ್ಥಳೀಯ ಆಡಳಿತ, ನಿಮ್ಮ ಕೇಸ್ ನೋಡಲೇಬೇಕು. 2018ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಸ್ನೇಹಿತರ ಮನೆಯ ಹಾಲ್‌ನಲ್ಲಿ ಹೆಂಡತಿ ಮಕ್ಕಳ ಜೊತೆ ಮಲಗುತ್ತಿದ್ದೀರಿ, ಅವರು ಪಾಪ ಬಾಯಿ ಬಿಟ್ಟು ಹೋಗಿ ಅನ್ನಲಾರದೆ ಒದ್ದಾಡುತ್ತಿದ್ದಾರೆ ಅಂದುಕೊಳ್ಳಿ, ನೀವೂ ಈ ಲೆಕ್ಕಕ್ಕೆ ಬರಬಹುದು. ಗಂಡನ ಹೊಡೆತ ತಡೆಯಲಾರದ ಹೆಂಗಸಿಗೆ ತಲೆ ಮೇಲೆ ಸೂರು ಇದ್ದರೂ ಕಾನೂನಿನ ಕಣ್ಣಲ್ಲಿ ಅದು ಮನೆಯಲ್ಲ. ಹಾಗಾಗಿ ಬೀಗ ಬೀಳುವ ತನಕ ಕಾಯಬೇಡಿ. ಮರ್ಯಾದೆ ಹೋಗುತ್ತೆ ಅಂತ ಸುಮ್ನೆ ಕೂತು, ಕೊನೇ ದಿನ ಸೂಟ್‌ಕೇಸ್ ಎಳೆದುಕೊಂಡು ಹೋದವರೇ ಜಾಸ್ತಿ ಕಷ್ಟಪಟ್ಟಿದ್ದನ್ನು ನೋಡಿದ್ದೇನೆ.

ಇಲ್ಲಿ ಬರೆಯುತ್ತಿರುವುದು ಇಂಗ್ಲೆಂಡ್‌ಗೆ ಮಾತ್ರ. ಸ್ಕಾಟ್‌ಲೆಂಡ್, ವೇಲ್ಸ್, ನಾರ್ದರ್ನ್ ಐರ್ಲೆಂಡ್‌ಗಳಲ್ಲಿ ಬೇರೆ ಕಾನೂನು.

ಮೊದಲು ವೀಸಾ ವಿಷಯ, ಯಾಕೆಂದರೆ ನಮ್ಮಲ್ಲಿ ಮುಕ್ಕಾಲು ಪ್ರಶ್ನೆ ಅಲ್ಲೇ ನಿಲ್ಲುತ್ತದೆ. ಸ್ಟೂಡೆಂಟ್ ವೀಸಾ, ಸ್ಕಿಲ್ಡ್ ವರ್ಕರ್ ವೀಸಾ, ಕೇರ್ ಕೆಲಸದ ವೀಸಾ, ಅವರ ಡಿಪೆಂಡೆಂಟ್‌ಗಳು, ಇವರೆಲ್ಲರ ವೀಸಾಗೂ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅನ್ನುವ ಷರತ್ತು, ಅಂದರೆ ಇಲ್ಲಿನ ಸರ್ಕಾರಿ ನೆರವು ಪಡೆಯುವ ಹಾಗಿಲ್ಲ ಅನ್ನುವ ಷರತ್ತು, ಇರುತ್ತದೆ. ಕೌನ್ಸಿಲ್‌ನ ಹೋಮ್‌ಲೆಸ್ ಸಹಾಯ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿದೆ. ಅಂದರೆ ಇವರಿಗೆ ಮನೆ ಕೊಡಿಸುವ ಜವಾಬ್ದಾರಿ ಕೌನ್ಸಿಲ್‌ಗೆ ಇಲ್ಲ. ಬ್ರಿಟಿಷ್ ಪಾಸ್‌ಪೋರ್ಟ್, ಐಎಲ್‌ಆರ್ (ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ), ರೆಫ್ಯೂಜಿ ಸ್ಟೇಟಸ್ ಇರುವವರಿಗೆ ಸಾಮಾನ್ಯವಾಗಿ ಉಂಟು. ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡು ವರ್ಷಗಟ್ಟಲೆ ಬೆಂಗಳೂರಿನಲ್ಲಿದ್ದು ಈಗ ವಾಪಸ್ ಬಂದವರು ಮಾತ್ರ, ಇಲ್ಲೇ ನೆಲೆಸಲು ಬಂದಿದ್ದೇವೆ ಅನ್ನುವುದನ್ನು ತೋರಿಸಬೇಕಾಗುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಐಎಲ್‌ಆರ್ ಇದ್ದು ಇನ್ನೊಬ್ಬರದು ಸ್ಪೌಸ್ ವೀಸಾ ಆಗಿದ್ದರೆ, ಐಎಲ್‌ಆರ್ ಇರುವವರ ಹೆಸರಲ್ಲಿ ಅರ್ಜಿ ಹಾಕಬಹುದು. ಆದರೆ ಫಾರ್ಮ್ ತುಂಬುವ ಮೊದಲು ಒಬ್ಬ ಇಮಿಗ್ರೇಶನ್ ಅಡ್ವೈಸರ್ ಹತ್ತಿರ ಕೇಳಿ. ನಿಜವಾದ, ರಿಜಿಸ್ಟರ್ ಆದ ಅಡ್ವೈಸರ್ ಹತ್ತಿರ, ವಾಟ್ಸಾಪ್ ಗ್ರೂಪ್‌ನಲ್ಲಲ್ಲ.

ಷರತ್ತು ಇರುವವರಿಗೆ ಏನೂ ಇಲ್ಲವಾ? ಇದೆ, ಆದರೆ ಬಾಗಿಲು ಬೇರೆ. ಉಚಿತ ಸಲಹೆ, ಮಾಹಿತಿ ಯಾರು ಕೇಳಿದರೂ ಕೌನ್ಸಿಲ್ ಕೊಡಬೇಕು. ಮಕ್ಕಳಿದ್ದು ಕೈಯಲ್ಲಿ ಕಾಸಿಲ್ಲದೆ ಬೀದಿಗೆ ಬೀಳುವ ಸ್ಥಿತಿ ಇದ್ದರೆ ಹೌಸಿಂಗ್ ಕೌಂಟರ್ ಅಲ್ಲ, ಸೋಶಿಯಲ್ ಸರ್ವಿಸಸ್‌ನ ಮಕ್ಕಳ ವಿಭಾಗಕ್ಕೆ ಹೋಗಿ, 1989ರ ಚಿಲ್ಡ್ರನ್ ಆಕ್ಟ್ ಸೆಕ್ಷನ್ 17ರ ಕೆಳಗೆ ಅಸೆಸ್‌ಮೆಂಟ್ ಮಾಡಿ ಅಂತ ಕೇಳಬೇಕು. ಅದು ಪಬ್ಲಿಕ್ ಫಂಡ್ಸ್ ಅಲ್ಲ. ಸ್ಪೌಸ್ ವೀಸಾದಂಥ ಫ್ಯಾಮಿಲಿ ರೂಟ್‌ನಲ್ಲಿರುವವರು ಷರತ್ತನ್ನೇ ತೆಗೆಯಿರಿ ಅಂತ ಹೋಮ್ ಆಫೀಸ್‌ಗೆ ಅರ್ಜಿ ಹಾಕಬಹುದು. ಇನ್ನು ಗಂಡನ ವೀಸಾ ಮೇಲೆ ಬಂದು, ದೌರ್ಜನ್ಯದಿಂದ ಸಂಸಾರ ಮುರಿದುಬಿದ್ದವರಿಗೆ ಮೂರು ತಿಂಗಳು ಪಬ್ಲಿಕ್ ಫಂಡ್ಸ್ ಪಡೆಯಲು ಬಿಡುವ ಒಂದು ರಿಯಾಯಿತಿ ಇದೆ. ಗಂಡನದು ವರ್ಕ್ ಅಥವಾ ಸ್ಟೂಡೆಂಟ್ ವೀಸಾ ಆಗಿದ್ದರೂ ಕೇಳಬಹುದು. 'ನನ್ನನ್ನು ಬಿಟ್ಟರೆ ನಿನ್ನನ್ನು ಊರಿಗೆ ಕಳಿಸ್ತಾರೆ' ಅಂತ ಹೆದರಿಸಿ ಇಟ್ಟುಕೊಂಡಿರುವ ಮನೆಗಳು ನಮ್ಮವರಲ್ಲೂ ಇವೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಇಂಥ ದೌರ್ಜನ್ಯಕ್ಕೆ ಸಿಕ್ಕಿದವರಿಗೆ ನೆರವಾಗುವ ರೆಫ್ಯೂಜ್ ಸಂಸ್ಥೆಯ ಹೆಲ್ಪ್‌ಲೈನ್ 0808 2000 247, ದಿನದ 24 ಗಂಟೆಯೂ ಉಚಿತ. ಈ ಕಾರಣಕ್ಕೆ ಮನೆ ಬಿಡುವವರು ಯಾವ ಊರಿನ ಕೌನ್ಸಿಲ್‌ಗಾದರೂ ಹೋಗಬಹುದು, ಹೊಡೆಯುವವನು ಇರುವ ಊರಲ್ಲೇ ಕೇಳಬೇಕೆಂದಿಲ್ಲ.

ವೀಸಾ ಯಾವುದೇ ಇರಲಿ, ಕೋರ್ಟ್ ಆರ್ಡರ್ ಇಲ್ಲದೆ ಬಾಡಿಗೆದಾರರ ಬೀಗ ಬದಲಾಯಿಸುವುದು, ಸಾಮಾನು ಹೊರಗೆ ಹಾಕುವುದು ಅಪರಾಧ. ಹೀಗೆ ಯಾರಾದರೂ ಮಾಡಿದರೆ ಕೌನ್ಸಿಲ್‌ಗೂ ಪೊಲೀಸರಿಗೂ ಫೋನ್ ಮಾಡಿ. ಆದರೆ ಇಲ್ಲೊಂದು ತೊಡಕಿದೆ. ನಮ್ಮವರೇ ಒಬ್ಬರ ಮನೆಯಲ್ಲಿ ಒಂದು ರೂಮ್, ಅಡುಗೆಮನೆ ಬಾತ್‌ರೂಮ್ ಅವರ ಜೊತೆ ಹಂಚಿಕೊಂಡು, ಅಗ್ರಿಮೆಂಟ್ ಇಲ್ಲದೆ ತಿಂಗಳಿಗೆ ಇಷ್ಟು ಅಂತ ಕ್ಯಾಶ್ ಕೊಟ್ಟುಕೊಂಡು ಇರುವವರು ಬಹಳ. ಓನರ್ ಅದೇ ಮನೆಯಲ್ಲಿದ್ದರೆ ನಿಮಗೆ ಈ ರಕ್ಷಣೆ ಇಲ್ಲ. ಕೋರ್ಟ್‌ಗೆ ಹೋಗದೆ, ಸಾಕಷ್ಟು ಸಮಯ ಕೊಟ್ಟು ಹೋಗಿ ಅನ್ನಬಹುದು. ಅಂಥವರು ಕೌನ್ಸಿಲ್‌ಗೆ ಇನ್ನೂ ಬೇಗ ಹೋಗಬೇಕು.

ಮಾಮೂಲಿ ಬಾಡಿಗೆದಾರರಿಗೆ ನಿಯಮ ಈಗ ಬದಲಾಗಿದೆ. ಕಾರಣವೇ ಹೇಳದೆ ಕಳಿಸುವ ಸೆಕ್ಷನ್ 21 ನೋಟಿಸ್ 2026ರ ಮೇ 1ರಿಂದ ಕೊಡುವ ಹಾಗಿಲ್ಲ. ಮನೆ ಮಾರುತ್ತೇನೆ, ನಾನೇ ಬಂದು ಇರುತ್ತೇನೆ ಅಂದರೆ 4 ತಿಂಗಳ ನೋಟಿಸ್ ಕೊಡಬೇಕು. ನೀವು ಬಂದ ಮೊದಲ ವರ್ಷದಲ್ಲಿ ಈ ಕಾರಣಗಳಿಗೆ ಕಳಿಸುವ ಹಾಗೂ ಇಲ್ಲ. ಮೂರು ತಿಂಗಳ ಬಾಡಿಗೆ ಬಾಕಿ ಇದ್ದರೆ 4 ವಾರದ ನೋಟಿಸ್. ನೋಟಿಸ್ ಬಂತು ಅಂದರೆ ಮನೆ ಹೋಯಿತು ಅಂತಲ್ಲ. ಅದಾದ ಮೇಲೆ ಕೋರ್ಟ್, ಆರ್ಡರ್, ಕೊನೆಗೆ ಬೈಲಿಫ್, ಅಂದರೆ ಆರ್ಡರ್ ಜಾರಿ ಮಾಡಿ ಮನೆ ಖಾಲಿ ಮಾಡಿಸಲು ಬರುವ ಕೋರ್ಟ್ ಅಧಿಕಾರಿ. ಗಾಬರಿಯಲ್ಲಿ ನೀವಾಗಿಯೇ ಬೀಗದಕೈ ಕೊಟ್ಟು ಹೊರಟರೆ, ಬೇಕೆಂದೇ ಮನೆ ಕಳೆದುಕೊಂಡವರು ಅಂತ ಕೌನ್ಸಿಲ್ ನಿಮ್ಮ ಮೇಲೇ ಬರೆಯಬಹುದು. ಬಾಡಿಗೆ ನಿಲ್ಲಿಸಿದರೂ ಅಷ್ಟೇ.

ಯಾವ ಕೌನ್ಸಿಲ್? ಕೌಂಟಿ ಕೌನ್ಸಿಲ್, ಡಿಸ್ಟ್ರಿಕ್ಟ್ ಕೌನ್ಸಿಲ್ ಎರಡೂ ಇರುವ ಕಡೆ ಮನೆ ವಿಷಯ ಡಿಸ್ಟ್ರಿಕ್ಟ್‌ನದು, ಲಂಡನ್‌ನಲ್ಲಿ ನಿಮ್ಮ ಬರೋ (borough, ಲಂಡನ್‌ನ ಒಂದೊಂದು ಆಡಳಿತ ಭಾಗ) ಕೌನ್ಸಿಲ್‌ನದು. ಕಳೆದ 12 ತಿಂಗಳಲ್ಲಿ 6 ತಿಂಗಳು ಅಥವಾ 5 ವರ್ಷದಲ್ಲಿ 3 ವರ್ಷ ಅಲ್ಲಿದ್ದಿದ್ದರೆ, ಇಲ್ಲವೇ ಅಲ್ಲಿ ಕೆಲಸವೋ ಹತ್ತಿರದ ಸಂಬಂಧಿಕರೋ ಇದ್ದರೆ ಆ ಊರಿನ ನಂಟು ಉಂಟು ಅಂತ ಲೆಕ್ಕ.

ಹೋಗುವಾಗ ಅಗ್ರಿಮೆಂಟ್, ನೋಟಿಸ್, ಇ-ವೀಸಾ ಶೇರ್ ಕೋಡ್ (ನಿಮ್ಮ ವೀಸಾ ಸ್ಥಿತಿಯನ್ನು ಆನ್‌ಲೈನ್‌ನಲ್ಲಿ ತೋರಿಸುವ ಕೋಡ್) ಅಥವಾ ಪಾಸ್‌ಪೋರ್ಟ್, ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ಬರ್ತ್ ಸರ್ಟಿಫಿಕೇಟ್, ಕಾಯಿಲೆ ಇದ್ದರೆ ಡಾಕ್ಟರ ಪತ್ರ ಎಲ್ಲ ಒಂದು ಫೈಲ್‌ನಲ್ಲಿಟ್ಟುಕೊಳ್ಳಿ. ಕ್ಯಾಶ್ ಬಾಡಿಗೆಯವರು ವಾಟ್ಸಾಪ್ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಸ್ನೇಹಿತರ ಮನೆಯಲ್ಲಿದ್ದರೆ 'ಇಂಥ ತಾರೀಕಿನ ನಂತರ ಇವರನ್ನು ಇಟ್ಟುಕೊಳ್ಳಲಾರೆ' ಅಂತ ಅವರಿಂದ ಪತ್ರ ಬೇಕು. ಇಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳುವುದು. ದಾವಣಗೆರೆ ಕಡೆಯ ಒಬ್ಬರು ಆ ಪತ್ರ ಬರೆಯಲು ಕೂತು, 'ಎಷ್ಟು ದಿನ ಬೇಕಾದರೂ ಇರಲಿ, ನಮ್ಮ ಅಣ್ಣನ ಹಾಗೆ' ಅಂತ ಬರೆದುಕೊಟ್ಟಿದ್ದರು! ಪ್ರೀತಿಯೇನೋ ಸರಿ, ಆ ಕಾಗದ ನೋಡಿದರೆ ಯಾವ ಆಫೀಸರ್ ಕೇಸ್ ತೆಗೆದುಕೊಳ್ತಾರೆ? ನಿಜ ಏನಿದೆಯೋ ಅದನ್ನು, ತಾರೀಕು ಸಮೇತ, ಸಂಕೋಚ ಬಿಟ್ಟು ಬರೆಯಲಿ.

ಇನ್ನೊಂದು ಪ್ರಶ್ನೆ ನಮ್ಮವರಿಗೇ ಜಾಸ್ತಿ ಬರುತ್ತದೆ: ಇಂಡಿಯಾದಲ್ಲಿ ಮನೆ ಇದೆಯಾ? ಕಾನೂನಿನಲ್ಲಿ 'ಈ ದೇಶದಲ್ಲಾಗಲಿ ಬೇರೆಲ್ಲೇ ಆಗಲಿ' ಮನೆ ಇರಬಾರದು ಅಂತಲೇ ಇದೆ. ಅಪ್ಪನ ಹೆಸರಿನ ಮನೆ, ಅಣ್ಣತಮ್ಮಂದಿರ ಜೊತೆ ಪಾಲಾಗದ ಮನೆ, ಬಾಡಿಗೆಗೆ ಕೊಟ್ಟ ಫ್ಲ್ಯಾಟ್, ಇವೆಲ್ಲ ಒಂದೇ ಅಲ್ಲ. ನಿಮಗೆ ಅಲ್ಲಿ ಇರುವ ಹಕ್ಕಿದೆಯಾ, ನಿಮ್ಮ ಸಂಸಾರ ಅಲ್ಲಿ ಹೋಗಿ ಇರುವುದು ಸಮಂಜಸವಾ ಅನ್ನುವುದನ್ನು ಅವರು ನೋಡಬೇಕು. ಮುಚ್ಚಿಡಬೇಡಿ. ಸುಳ್ಳು ಹೇಳುವುದು ಅಪರಾಧ. ಇರುವುದನ್ನು ಹೇಳಿ, ಯಾಕೆ ಅಲ್ಲಿ ಇರಲಾಗುವುದಿಲ್ಲ ಅಂತ ಕಾರಣ ಕೊಡಿ.

ಇಂಗ್ಲಿಷ್ ಕಷ್ಟವಾದರೆ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಮೊದಲೇ ಕೇಳಿ, ಕನ್ನಡ ಅಂತ ಹೆಸರು ಹೇಳಿಯೇ ಕೇಳಿ. ಇಲ್ಲದಿದ್ದರೆ ಇಂಡಿಯನ್ ಅಂದಕೂಡಲೇ ಹಿಂದಿಯವರನ್ನು ಲೈನಿಗೆ ತರ್ತಾರೆ. ಹತ್ತು ವರ್ಷದ ಮಗಳನ್ನು ಕೂರಿಸಿ ಮಾತಾಡಿಸಬೇಡಿ.

ಕೌಂಟರ್‌ನಲ್ಲಿ ಎರಡು ಮಾತು ಕೇಳಬೇಕಾಗಬಹುದು. ಒಂದು, 'ಇನ್ನೂ ಟೈಮ್ ಇದೆ, ಆಮೇಲೆ ಬನ್ನಿ'. ನೋಟಿಸ್ ಮುಗಿಯಲು 56 ದಿನ ಉಳಿದ ದಿನವೇ ಮತ್ತೆ ಇಮೇಲ್ ಹಾಕಿ. ಇನ್ನೊಂದು, 'ಬೈಲಿಫ್ ಬರುವ ತನಕ ಅಲ್ಲೇ ಇರಿ'. ಎಲ್ಲರಿಗೂ ಒಂದೇ ಸಮ ಹೀಗೆ ಹೇಳಿ ಕಳಿಸಬಾರದು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಬಾಯಿಮಾತಿಗೆ ವಾಪಸ್ ಬರಬೇಡಿ, ಬರೆದುಕೊಡಿ ಅನ್ನಿ. ಅರ್ಜಿ ತೆಗೆದುಕೊಂಡ ಮೇಲೆ ಕೇಸ್ ಆಫೀಸರ್ ನಿಮ್ಮ ಜೊತೆ ಕೂತು ಪರ್ಸನಲೈಸ್ಡ್ ಹೌಸಿಂಗ್ ಪ್ಲಾನ್ ಅನ್ನುವ ಕಾಗದ ಮಾಡಬೇಕು. ಓನರ್ ಜೊತೆ ಮಾತಾಡುವುದು, ಹೊಸ ಮನೆಯ ಡೆಪಾಸಿಟ್‌ಗೆ ಸಹಾಯ, ನೀವು ಹುಡುಕಬೇಕಾದ್ದು ಎಲ್ಲ ಅದರಲ್ಲಿರುತ್ತದೆ.

ಮನೆ ಆಗಲೇ ಹೋಗಿದ್ದು, ಚಿಕ್ಕ ಮಕ್ಕಳಿದ್ದರೆ, ಗರ್ಭಿಣಿಯಾಗಿದ್ದರೆ, ವಯಸ್ಸು ಕಾಯಿಲೆಯಿಂದ ಅಶಕ್ತರಾಗಿದ್ದರೆ, ದೌರ್ಜನ್ಯದಿಂದ ಓಡಿಬಂದಿದ್ದರೆ ತನಿಖೆ ಮುಗಿಯುವ ಮೊದಲೇ ತಾತ್ಕಾಲಿಕ ಜಾಗ ಕೊಡಬೇಕು. ಬಂಗಲೆ ಅಂದುಕೊಳ್ಳಬೇಡಿ. ಬಿ ಅಂಡ್ ಬಿ, ಅಂದರೆ ಲಾಡ್ಜ್ ಥರದ ಜಾಗದಲ್ಲಿ ಒಂದು ರೂಮ್, ಹಂಚಿಕೊಳ್ಳುವ ಅಡುಗೆಮನೆ, ಕೆಲವೊಮ್ಮೆ ಬೇರೆ ಊರೇ. ಮಕ್ಕಳಿರುವವರನ್ನು ಅಂಥ ಬಿ ಅಂಡ್ ಬಿಯಲ್ಲಿ 6 ವಾರಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಬೇಡ ಅಂದುಬಿಟ್ಟರೆ ಕೌನ್ಸಿಲ್ ಕೈತೊಳೆದುಕೊಳ್ಳಬಹುದು, ಆದ್ದರಿಂದ ತಗೊಂಡು, ಅಲ್ಲಿದ್ದುಕೊಂಡೇ ತಕರಾರು ಹೇಳಿ. ಒಂಟಿ ಹುಡುಗರಿಗೆ, ಆರೋಗ್ಯ ಸರಿಯಿದ್ದರೆ, ರೂಮ್ ಸಿಗುವುದು ಕಷ್ಟ. ಪ್ಲಾನ್, ಡೆಪಾಸಿಟ್ ಸಹಾಯಕ್ಕೆ ಮಾತ್ರ ಕೇಳಬಹುದು.

ಇಲ್ಲ ಅಂತ ತೀರ್ಮಾನದ ಪತ್ರ ಬಂದರೆ 21 ದಿನದೊಳಗೆ ರಿವ್ಯೂ, ಅಂದರೆ ಆ ತೀರ್ಮಾನದ ಮರುಪರಿಶೀಲನೆ, ಕೇಳಬೇಕು. ಆ 21 ದಿನ ದಾಟಿದರೆ ತುಂಬಾ ಕಷ್ಟ, ಹಾಗಾಗಿ ಲಕೋಟೆ ಒಡೆದ ದಿನವೇ ಮನೆ ಸಮಸ್ಯೆಗೆ ಉಚಿತ ಸಲಹೆ ಕೊಡುವ ಶೆಲ್ಟರ್ ಸಂಸ್ಥೆಗೆ ಫೋನ್ ಮಾಡಿ, 0808 800 4444. ಸಿಟಿಜನ್ಸ್ ಅಡ್ವೈಸ್ ಅನ್ನುವ ಉಚಿತ ಸಲಹಾ ಸಂಸ್ಥೆಯಲ್ಲೂ ಕೇಳಬಹುದು. ಹಾಗೆಯೇ, ತಾತ್ಕಾಲಿಕ ರೂಮ್‌ಗೆ ಹೋಗುವಾಗ ಫ್ರಿಜ್ಜು, ಮಂಚ, ಗ್ರೈಂಡರ್ ಎಲ್ಲಿಡುವುದು ಅಂತ ಸಿಕ್ಕಿದ ಬೆಲೆಗೆ ಮಾರಿಬಿಡಬೇಡಿ. ನಿಮಗೆ ಬೇರೆ ದಾರಿ ಇಲ್ಲದಿದ್ದರೆ ಸಾಮಾನು ಕಾಪಾಡಿಡುವ ಕೆಲಸವೂ ಹಲವು ಕೇಸ್‌ಗಳಲ್ಲಿ ಕೌನ್ಸಿಲ್‌ದೇ. ದುಡ್ಡು ಕೇಳಬಹುದು, ಎಷ್ಟು ಅಂತ ಮೊದಲೇ ವಿಚಾರಿಸಿಕೊಳ್ಳಿ.