ಟಾಟಾ ಮೊಬೈಲ್ ಪಿಕಪ್‌ಗೆ ಟರ್ಬೊ ಇಂಜಿನ್ ಕೂರಿಸಿದ್ದು

ಟಾಟಾ ಮೊಬೈಲ್ 206 ಈಗ ಬೆಂಗಳೂರಿನ ರಸ್ತೆಗಳಲ್ಲಿ ಅಪರೂಪ. 1988ರಲ್ಲಿ ಟೆಲ್ಕೊ (ಇವತ್ತಿನ ಟಾಟಾ ಮೋಟಾರ್ಸ್) ಇದನ್ನು ಹೊರತಂದಾಗ, ಲಾರಿ ಮಾಡುವ ಕಂಪನಿ ಕಾರಿನಂಥ ಮೂತಿಯ ಗಾಡಿ ಮಾಡಿದೆ ಅಂತ ಜನ ನಿಂತು ನೋಡುತ್ತಿದ್ದರು. ಮುಂದೆ ಸಿಯೆರಾ, ಎಸ್ಟೇಟ್ ಕಾರುಗಳು ಬಂದದ್ದು ಇದರ ಬುನಾದಿಯ ಮೇಲೇ. 1994ರ ಸುಮೊ ಕೂಡ ಇದೇ ಮನೆತನದ ಇಂಜಿನ್ ಹೊತ್ತು ಬಂತು. ನಮ್ಮಪ್ಪ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸಲು ಕೊಂಡ ಗಾಡಿ ಇದು. ಈಗ ನಾನು ಉತ್ತರಹಳ್ಳಿಯಿಂದ ಪೀಣ್ಯದ ನನ್ನ ಗ್ರಿಲ್ ವರ್ಕ್‌ಶಾಪ್‌ಗೆ ದಿನಾ ಇದರಲ್ಲೇ ಓಡಾಡುತ್ತೇನೆ, ಕಬ್ಬಿಣದ ಪೈಪು, ಆಂಗಲ್ ಎಲ್ಲ ಇದರಲ್ಲೇ ಬರುತ್ತವೆ. ಚಾಸಿಸ್ ಗಟ್ಟಿ, ಬಾಡಿಯ ತಗಡು ತುಕ್ಕು ಹಿಡಿದಿಲ್ಲ. ಇಂಜಿನ್ ಮಾತ್ರ ಸೋತುಹೋಗಿತ್ತು.

ಅದರ ಹೆಸರು 483 ಡಿಎಲ್. ನಾಲ್ಕು ಸಿಲಿಂಡರ್, 83 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), ಆ ಹೆಸರಲ್ಲೇ ಅಷ್ಟೂ ಇದೆ. 1948 ಸಿಸಿ, ಟರ್ಬೊ (ಇಂಜಿನ್ ಹೊಗೆಯ ರಭಸಕ್ಕೆ ತಿರುಗಿ ಒಳಗೆ ಗಾಳಿ ತುಂಬುವ ಪಂಪ್) ಇಲ್ಲ, ಹೊಸದರಲ್ಲಿ 68 ಕುದುರೆಶಕ್ತಿ. ಅದರ ಮೇಲೆ ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಸಮುದ್ರದಂಚಿಗಿಂತ ಶೇಕಡ 8–9ರಷ್ಟು ಕಡಿಮೆ. ತಾನಾಗಿ ಗಾಳಿ ಎಳೆದುಕೊಳ್ಳುವ ಇಂಜಿನ್‌ಗೆ ಆ ನಷ್ಟ ನೇರವಾಗಿ ತಟ್ಟುತ್ತದೆ. ಲೋಡ್ ಹಾಕಿಕೊಂಡು ಸುಮನಹಳ್ಳಿ ಫ್ಲೈಓವರ್ ಏರುವಾಗ ಎರಡನೇ ಗೇರಿಗೆ ಇಳಿಸಲೇಬೇಕಿತ್ತು, ಹಿಂದಿನವರ ಹಾರ್ನ್ ತಪ್ಪುತ್ತಿರಲಿಲ್ಲ.

ಹಲವರು ಹಲವು ಸಲಹೆ ಕೊಟ್ಟರು. ಜಪಾನಿನ ಡೀಸೆಲ್ ಇಂಜಿನ್ ಹಾಕಿಸು ಅಂದರು, ಹೊಸ ಕಾಮನ್ ರೈಲ್ ಇಂಜಿನ್ ಹಾಕಿಸು ಅಂದರು. ಕಾಮನ್ ರೈಲ್ ಅಂದರೆ ಡೀಸೆಲ್ ಚಿಮ್ಮುವುದು ಕಂಪ್ಯೂಟರಿನ ಹಿಡಿತದಲ್ಲಿ; ಇಂಜಿನ್ ಜೊತೆ ಇಸಿಯು ಅನ್ನುವ ಆ ಕಂಪ್ಯೂಟರ್, ಪೂರಾ ವೈರಿಂಗ್, ಸೆನ್ಸರುಗಳು, ಕೀಲಿಯ ಲಾಕ್ ವ್ಯವಸ್ಥೆ ಎಲ್ಲ ಬರಬೇಕು. ಮಳೆಯಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ಗಾಡಿ ರಿಂಗ್ ರೋಡಿನ ನಡುವೆ ನಿಂತುಬಿಡುತ್ತದೆ. ಭಾನುವಾರಕ್ಕೊಮ್ಮೆ ಆಚೆ ತೆಗೆಯುವ ಗಾಡಿಗೆ ಅದೆಲ್ಲ ನಡೆಯುತ್ತದೆ. ದಿನಾ ದುಡಿಯುವ ಗಾಡಿಗೆ ಬೇಕಾದದ್ದು ಜೆ.ಸಿ. ರಸ್ತೆಯಲ್ಲಿ ಸಾಮಾನು ಸಿಗುವ, ಮೇಸ್ತ್ರಿಗಳಿಗೆ ಕೈಪಳಗಿದ ಇಂಜಿನ್.

ಹಳೇ ಇಂಜಿನ್‌ಗೇ ಟರ್ಬೊ ಕಟ್ಟೋಣ ಅಂದವರೂ ಇದ್ದರು. ಅದಕ್ಕೂ ಒಪ್ಪಲಿಲ್ಲ. ಹೆಚ್ಚು ಗಾಳಿ, ಹೆಚ್ಚು ಡೀಸೆಲ್ ಅಂದರೆ ಹೆಚ್ಚು ಶಾಖ, ಹೆಚ್ಚು ಒತ್ತಡ. ಅದಕ್ಕೆಂದು ಮಾಡದ ಪಿಸ್ಟನ್ ಮತ್ತು ಹೆಡ್ ಗ್ಯಾಸ್ಕೆಟ್ ಎಷ್ಟು ಕಾಲ ತಾಳುತ್ತವೆ ಅನ್ನುವುದು ಜೂಜು. ಕಂಪನಿಯೇ ಟರ್ಬೊ ಸಮೇತ ಮಾಡಿದ 483 ಡಿಎಲ್‌ಟಿಸಿ ಇರುವಾಗ ಆ ಜೂಜು ಯಾಕೆ? ಸಿಯೆರಾ ಟರ್ಬೊದಲ್ಲಿ, 1998ರ ಮೊದಲ ಸಫಾರಿಯಲ್ಲಿ ಬಂದದ್ದು ಅದೇ. ಅದೇ 1948 ಸಿಸಿ, ಶಕ್ತಿ ಮಾತ್ರ 90 ಕುದುರೆಯ ಆಸುಪಾಸು.

ಈ ಆಯ್ಕೆಗೆ ಇನ್ನೊಂದು ದೊಡ್ಡ ಕಾರಣ ಆರ್‌ಟಿಒ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿ ಮಾಡಿದ ಕಂಪನಿ ಮೊದಲು ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ಬದಲಾವಣೆ ಮಾಡುವಂತಿಲ್ಲ. ಇಂಜಿನ್ ಬದಲಿಸಿದರೆ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಬೇಕು. ಅದೇ ಕಂಪನಿ, ಅದೇ ಇಂಧನ, ಅದೇ ಸಿಸಿ ಆದ್ದರಿಂದ ನನ್ನ ಆರ್‌ಸಿಯಲ್ಲಿ ಬದಲಾದದ್ದು ಇಂಜಿನ್ ನಂಬರ್ ಒಂದೇ. ಹಾಗಿದ್ದರೂ ನಾನು ಮೊದಲೇ ಅರ್ಜಿ ಕೊಟ್ಟು, ಟರ್ಬೊ ಇದೆ ಅನ್ನುವುದನ್ನೂ ಬರೆದು, ಅನುಮತಿ ಕೈಗೆ ಬಂದ ಮೇಲೇ ಹಳೇ ಇಂಜಿನ್ ಇಳಿಸಿದೆ. ಇನ್‌ಸ್ಪೆಕ್ಟರ್ ಗಾಡಿ ನೋಡಿ, ನಂಬರ್ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಇನ್ಶೂರೆನ್ಸ್ ಕಂಪನಿಗೂ ಪತ್ರ ಬರೆದು ಪಾಲಿಸಿಯಲ್ಲಿ ಹೊಸ ನಂಬರ್ ಸೇರಿಸಿಕೊಂಡೆ. ಇದನ್ನು ಮುಂದಕ್ಕೆ ಹಾಕಬೇಡಿ. ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ವೇಳೆ ನಂಬರ್ ತಾಳೆಯಾಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ, ಅಪಘಾತವಾದರೆ ಕ್ಲೇಮೂ ಕಷ್ಟ.

ಇಂಜಿನ್ ಸಿಕ್ಕಿದ್ದು ಗುಜರಿಗೆ ಬಂದ ಹಳೇ ಸಫಾರಿಯಿಂದ. ಬಿಲ್ ಮೇಲೆ ಇಂಜಿನ್ ನಂಬರ್ ಬರೆಸಿ, ಆ ಗಾಡಿಯ ಆರ್‌ಸಿ ನಕಲು ಜೊತೆಗಿಟ್ಟುಕೊಂಡೇ ದುಡ್ಡು ಕೊಟ್ಟೆ. ಕಾಗದ ಇಲ್ಲದ ಇಂಜಿನ್ ಅರ್ಧ ಬೆಲೆಗೆ ಬಂದರೂ ಬೇಡ. ನನ್ನ ಜೊತೆ ಬಂದಿದ್ದ ವಿಲ್ಸನ್ ಗಾರ್ಡನ್‌ನ ಮೇಸ್ತ್ರಿ ಇನ್ನೂ ಗಾಡಿಯಲ್ಲೇ ಇದ್ದ ಆ ಇಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಂಗೈ ಅಡ್ಡ ಹಿಡಿದರು. ರಿಂಗು ಸವೆದಿದ್ದರೆ ಅಲ್ಲಿಂದ ಹೊಗೆ ಗುಕ್ಕುಗುಕ್ಕಾಗಿ ಕೈಗೆ ಬಡಿಯುತ್ತದೆ. ನಂತರ ಟರ್ಬೊದ ಗಾಳಿ ಪೈಪು ತೆಗೆದು, ಬೆರಳಲ್ಲಿ ಶಾಫ್ಟ್ ಹಿಡಿದು ಅಲ್ಲಾಡಿಸಿದರು. "ನೋಡಿ ಸಾರ್, ಅಡ್ಡಡ್ಡ ಕೂದಲೆಳೆಯಷ್ಟು ಆಡ್ಬೋದು, ಹಿಂದೆ ಮುಂದೆ ಆಡಿದ್ರೆ ಟರ್ಬೊ ಮುಗೀತು ಅಂತ ಲೆಕ್ಕ." ನಮ್ಮದರಲ್ಲಿ ಹಿಂದೆ ಮುಂದೆ ಆಟ ಇರಲಿಲ್ಲ. ರೆಕ್ಕೆಯೂ ಒಳಗಿನ ಗೋಡೆಗೆ ಉಜ್ಜಿರಲಿಲ್ಲ.

ಚೆನ್ನಾಗಿದ್ದರೂ ಹಾಗೇ ಕೂರಿಸಲಿಲ್ಲ. ಇಂಜಿನ್ ನೆಲದ ಮೇಲಿರುವಾಗ ಆಗುವ ಕೆಲಸ ಗಾಡಿಯೊಳಗೆ ಹೋದ ಮೇಲೆ ಮೂರು ಪಟ್ಟು ಕೂಲಿ ತಿನ್ನುತ್ತದೆ. ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿ, ವಾಲ್ವ್ ಕೂರಿಸಿ, ರಿಂಗ್ ಸೆಟ್, ಬೇರಿಂಗ್, ಎಲ್ಲ ಆಯಿಲ್ ಸೀಲ್, ವಾಟರ್ ಪಂಪ್, ಹೀಟರ್ ಪ್ಲಗ್ ಹೊಸದು ಹಾಕಿದೆವು. ಹಳೇ ಇಂಜಿನ್‌ನ ಮೌಂಟಿಂಗ್ ಬ್ರಾಕೆಟ್‌ಗಳನ್ನೇ ಬಿಚ್ಚಿ ಇದಕ್ಕೆ ಕಟ್ಟಿ ಚೈನ್ ಬ್ಲಾಕಿನಲ್ಲಿ ಇಳಿಸಿದಾಗ ಚಾಸಿಸ್‌ಗೆ ಕತ್ತರಿ ಹಾಕುವ ಪ್ರಮೇಯ ಬರಲಿಲ್ಲ. ಒಂದೇ ಮನೆತನದ ಇಂಜಿನ್ ಆರಿಸಿಕೊಂಡದ್ದರ ಲಾಭ ಅಲ್ಲಿ ಕಂಡಿತು. ಕ್ಲಚ್ ಸೆಟ್ ಮಾತ್ರ ಟರ್ಬೊ ಗಾಡಿಯದೇ ಹಾಕಿಸಿದೆ.

ಇಂಜಿನ್ ಕೂತರೆ ಕೆಲಸ ಮುಗಿಯಿತು ಅಂದುಕೊಳ್ಳುವವರಿಗೆ ಹೇಳುತ್ತೇನೆ: ನನ್ನ ಖರ್ಚಿನಲ್ಲಿ ಇಂಜಿನ್‌ನ ಬೆಲೆ ಅರ್ಧಕ್ಕೂ ಕಡಿಮೆ. ಉಳಿದದ್ದೆಲ್ಲ ಅದು ಬಿಸಿಯಾಗದಂತೆ, ಗಾಡಿ ನಿಲ್ಲಬೇಕಾದ ಕಡೆ ನಿಲ್ಲುವಂತೆ ನೋಡಿಕೊಳ್ಳಲು ಹೋಯಿತು.

ಮೊದಲು ತಂಪು. ನಮ್ಮ ಟ್ರಾಫಿಕ್‌ನಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಎದುರುಗಾಳಿಯನ್ನು ನಂಬುವಂತಿಲ್ಲ. ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ರೇಡಿಯೇಟರ್ ಮುಂದೆ ಕೂತು ಬರುವ ಗಾಳಿಗೂ ಅಡ್ಡವಾಗುತ್ತದೆ. ಹಾಗಾಗಿ ಹಳೇ ಹಿತ್ತಾಳೆ ಟ್ಯಾಂಕುಗಳನ್ನೇ ಉಳಿಸಿಕೊಂಡು ನಡುವಿನ ಕೋರ್ ಅನ್ನು ಮೂರು ಸಾಲಿನದು ಮಾಡಿಸಿದೆ. ಫ್ಯಾನ್ ಸುತ್ತಲಿನ ಶ್ರೌಡ್ ಅನ್ನುವ ಕವಚ ಬಹಳ ಗಾಡಿಗಳಲ್ಲಿ ಮುರಿದುಹೋಗಿರುತ್ತದೆ, ಯಾರೂ ಮತ್ತೆ ಹಾಕಿಸುವುದಿಲ್ಲ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯುವ ಬದಲು ಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ನನ್ನ ವರ್ಕ್‌ಶಾಪಿನಲ್ಲೇ ತಗಡು ಬಾಗಿಸಿ ಹೊಸದು ಮಾಡಿದೆ. ಫ್ಯಾನ್ ರೆಕ್ಕೆಗೂ ಅದಕ್ಕೂ ನಡುವೆ ಹೆಬ್ಬೆರಳು ಸಲೀಸಾಗಿ ಹಿಡಿಸುವಷ್ಟು ಜಾಗ ಬಿಟ್ಟಿದ್ದೇನೆ, ಇಂಜಿನ್ ಅಲುಗಾಡಿದಾಗ ತಗಲಬಾರದಲ್ಲ.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ವಿಷಯದಲ್ಲಿ ನಾನು ಹಟ ಹಿಡಿದೆ. ಬಿಸಿಯಾಗುತ್ತದೆ ಅಂದರೆ ನಮ್ಮ ಕಡೆ ಮೊದಲು ಕಿತ್ತು ಎಸೆಯುವುದೇ ಅದನ್ನು. ಅದಿಲ್ಲದೆ ಇಂಜಿನ್ ಬೆಳಿಗ್ಗೆ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಬಿಳಿ ಹೊಗೆ, ಮೈಲೇಜ್ ನಷ್ಟ, ಸಿಲಿಂಡರ್ ಸವೆತ. ಹೊಸದು ತಂದು, ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿ, ಬಾಯಿ ಬಿಡುವುದನ್ನು ಕಣ್ಣಾರೆ ನೋಡಿಯೇ ಹಾಕಿಸಿದ್ದು.

ಟರ್ಬೊಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ, ಆದರೆ ವಾಪಸ್ ಹೋಗುವುದು ಬರೀ ತನ್ನ ತೂಕದಿಂದ. ಆದ್ದರಿಂದ ಕೆಳಗಿನ ಪೈಪು ದಪ್ಪಗಿರಬೇಕು, ಎಲ್ಲೂ ಮೇಲೇಳದೆ ನೇರ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಕಡೆ ಇಳಿಯಬೇಕು. ಅಲ್ಲಿ ಒಂದು ಸೊಂಟ ಮುರಿದಂಥ ಬಾಗು ಬಂದರೂ ಆಯಿಲ್ ನಿಂತು, ಸೀಲ್ ದಾಟಿ, ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗಿ ಬರುತ್ತದೆ. ಸೈಲೆನ್ಸರಿನ ಮೊದಲ ಪೈಪು ನಮ್ಮ ಗಾಡಿಯಲ್ಲಿ ಬ್ರೇಕ್ ಪೈಪಿನ ಹತ್ತಿರ ಬಂತು. ಬ್ರೇಕ್ ಪೈಪಿನ ದಾರಿ ಬದಲಿಸಿ ನಡುವೆ ತಗಡಿನ ತಡೆ ಹಾಕಿದೆವು.

ಬ್ರೇಕ್ ಅಂದಾಗ ವ್ಯಾಕ್ಯೂಮ್ ಪಂಪ್ ಮರೆಯಬಾರದು. ಡೀಸೆಲ್ ಇಂಜಿನ್ ಪೆಟ್ರೋಲ್ ಇಂಜಿನ್‌ನಂತೆ ಬ್ರೇಕ್ ಪೆಡಲ್ ಹಗುರಾಗಲು ಬೇಕಾದ ನಿರ್ವಾತವನ್ನು ತಾನೇ ಹುಟ್ಟಿಸುವುದಿಲ್ಲ. ಇದರಲ್ಲಿ ಆಲ್ಟರ್ನೇಟರ್ ಬೆನ್ನಿಗೆ ಕಟ್ಟಿದ ಪುಟ್ಟ ಪಂಪ್ ಆ ಕೆಲಸ ಮಾಡುತ್ತದೆ, ಅದಕ್ಕೆ ಇಂಜಿನ್ ಆಯಿಲ್ಲೇ ಬರುತ್ತದೆ. ಆ ಪಂಪಿಗೆ ಮೂರು ಸಣ್ಣ ಹೋಸ್‌ಗಳಿವೆ, ಅವು ಬಿರಿದರೆ ಆಯಿಲ್ ಕಕ್ಕುತ್ತದೆ, ಬ್ರೇಕೂ ಕಲ್ಲಾಗುತ್ತದೆ. ಮೂರೂ ಹೋಸ್ ಹೊಸದು ಹಾಕಿಸಿದೆ. ಮುಂದಿನ ಪ್ಯಾಡ್, ಹಿಂದಿನ ಲೈನರ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್ ಎಲ್ಲ ಒಟ್ಟಿಗೇ ಆಯಿತು. ಇಪ್ಪತ್ತು ಕುದುರೆ ಹೆಚ್ಚಿಸಿ ಬ್ರೇಕ್ ಮುಟ್ಟದೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಸುಲಭ: ಇಂಜಿನ್ ಆರಿಸಿ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು.

ಇನ್ನು ಡೀಸೆಲ್ ಪಂಪ್. ಬೆಂಗಳೂರಿನವರ ಭಾಗ್ಯ ಇದು. 1951ರಲ್ಲಿ ಶುರುವಾದ ಮೈಕೊ, ಇವತ್ತಿನ ಬಾಷ್, ಆಡುಗೋಡಿಯಲ್ಲಿ ನೆಲೆಯೂರಿದ್ದರಿಂದ ಈ ಊರಿನಲ್ಲಿ ಪಂಪ್ ಬಲ್ಲ ಕೈಗಳಿಗೆ ಬರವಿಲ್ಲ. ಟರ್ಬೊ ಇಂಜಿನ್‌ನ ಪಂಪ್ ತಲೆಯ ಮೇಲೆ ದುಂಡನೆಯ ಡಬ್ಬಿಯೊಂದಿದೆ. ಒಳಗೆ ರಬ್ಬರ್ ಪೊರೆ. ಮ್ಯಾನಿಫೋಲ್ಡಿನಿಂದ ಸಣ್ಣ ಹೋಸ್‌ನಲ್ಲಿ ಬಂದ ಟರ್ಬೊ ಗಾಳಿ ಆ ಪೊರೆಯನ್ನು ಒತ್ತುತ್ತದೆ, ಒತ್ತಿದಷ್ಟು ಡೀಸೆಲ್ ಹೆಚ್ಚುತ್ತದೆ. ಊದುಕೊಳವೆಯಲ್ಲಿ ಊದಿದಷ್ಟೂ ಒಲೆಗೆ ಸೌದೆ ಮುಂದೂಡಿದ ಹಾಗೆ. ಗಾಳಿ ಬಾರದೆ ಡೀಸೆಲ್ ಬಂದರೆ ಕಪ್ಪು ಹೊಗೆ, ಗಾಳಿ ಬಂದೂ ಡೀಸೆಲ್ ಬಾರದಿದ್ದರೆ ಪುಲ್ಲಿಂಗ್ ಇಲ್ಲ. ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಪಂಪ್ ತಿರುಗಿಸಿ, ನಾಲ್ಕು ಗಾಜಿನ ಕೊಳವೆಗಳಲ್ಲಿ ಬಿದ್ದ ಡೀಸೆಲ್‌ನ ಮಟ್ಟ ಒಂದೇ ಗೆರೆಗೆ ನಿಲ್ಲುವವರೆಗೆ ಪಂಪ್ ಮೇಸ್ತ್ರಿ ಬಿಡಲಿಲ್ಲ. ಆಮೇಲೆ ಡಬ್ಬಿಗೆ ಗಾಳಿ ಕೊಟ್ಟು ನಾಲ್ಕೂ ಮಟ್ಟ ಒಟ್ಟಿಗೇ ಏರುವುದನ್ನು ತೋರಿಸಿದರು. "ಇನ್ನೂ ಸ್ವಲ್ಪ ಏರಿಸ್ಲಾ ಸಾರ್, ಗಾಡಿ ಹಾರುತ್ತೆ" ಅಂದರು. ಬೇಡ ಅಂದೆ. ನನಗೆ ಹಾರುವ ಗಾಡಿ ಬೇಕಿಲ್ಲ. ಎಮಿಷನ್ ಟೆಸ್ಟ್‌ನಲ್ಲಿ ಬಿಎಸ್-4 ಹೊಗೆ ನಿಯಮಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ, ಹೊಗೆಯ ದಟ್ಟಣೆ ಅಳೆಯುವ ಹಾರ್ಟ್ರಿಜ್ ಲೆಕ್ಕದಲ್ಲಿ 65 ಯೂನಿಟ್. ಅದಕ್ಕಿಂತ ಸಾಕಷ್ಟು ಕೆಳಗೇ ಇರಬೇಕು ಅನ್ನುವುದು ನನ್ನ ಆಸೆ. ಸಿಗ್ನಲ್‌ನಲ್ಲಿ ನನ್ನ ಹಿಂದೆ ಸ್ಕೂಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡವರು ನಿಂತಿರುತ್ತಾರೆ, ಅವರ ಮುಖಕ್ಕೆ ಹೊಗೆ ಉಗುಳಿ ನಾನು ಮುಂದೆ ಹೋಗುವುದು ಬೇಡ.

ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಗೇರು ಬದಲಿಸಿದರೆ ಹೈವೇಯಲ್ಲಿ ಇಂಜಿನ್ ಸದ್ದು ಇಳಿಯುತ್ತಿತ್ತು. ಬದಲಿಸಲಿಲ್ಲ. ಟರ್ಬೊ ಕೆಳಗಿನ ಸುತ್ತುಗಳಲ್ಲಿ ಮಲಗಿರುತ್ತದೆ, ಅಲ್ಲಿ ಲೋಡ್ ಎಳೆಯುವುದು ಗೇರಿಂಗ್. ಊರೊಳಗಿನ ಓಡಾಟಕ್ಕೆ ಪಿಕಪ್‌ನ ಮೂಲ ಲೆಕ್ಕವೇ ಸರಿ.

ಈಗ ಲೋಡ್ ಇದ್ದರೂ ಸುಮನಹಳ್ಳಿ ಫ್ಲೈಓವರ್ ಮೂರನೇ ಗೇರಿನಲ್ಲೇ ದಾಟುತ್ತದೆ, ಕಾವಿನ ಮುಳ್ಳು ನಡುವಿನಿಂದ ಕದಲುವುದಿಲ್ಲ. ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆಯಿಲ್ ಮತ್ತು ಫಿಲ್ಟರ್ 5000 ಕಿಲೋಮೀಟರಿಗೊಮ್ಮೆ ತಪ್ಪದೆ ಬದಲಿಸುತ್ತೇನೆ. ಲೋಡ್ ಎಳೆದು ಬಂದ ಮೇಲೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆರಿಸುತ್ತೇನೆ. ಅಲ್ಲಿಯವರೆಗೆ ಟರ್ಬೊ ಬೇರಿಂಗಿಗೆ ಆಯಿಲ್ ಹರಿಯುತ್ತಿರಬೇಕು, ಇಲ್ಲದಿದ್ದರೆ ನಿಂತ ಆಯಿಲ್ ಅಲ್ಲೇ ಸುಟ್ಟು ಕರಕಾಗುತ್ತದೆ. ವರ್ಕ್‌ಶಾಪಿನ ಹುಡುಗರು ಗಾಡಿ ತೆಗೆದುಕೊಂಡು ಹೋಗುವಾಗಲೂ ಇದೊಂದನ್ನು ಹೇಳಿಯೇ ಕೀಲಿ ಕೊಡುತ್ತೇನೆ.